ಆಮೆಯ ಪಾಲಿನ ಬಿಸಿಲು

ನನ್ನ ಮಾವನವರಿಗೆ ಗೊತ್ತಿಲ್ಲದ ಸಂಗತಿ ಭೂಮಿಯ ಮೇಲೆ ಇರಲಿಲ್ಲ. ಎತ್ತಿಗೆ ಬೇಧಿಯಾದರೆ ಯಾವ ಸೊಪ್ಪು ಅರೆದು ಕುಡಿಸಬೇಕೆಂದು ಅವರಿಗೆ ಗೊತ್ತು. ರೈಲು ಯಾಕೆ ತಡವಾಗಿ ಬರುತ್ತದೆಂದು ಗೊತ್ತು. ದೊರೆಗಳು ಊಟಕ್ಕೆ ಮುಂಚೆ ಏನು ಕುಡಿಯುತ್ತಾರೆಂಬುದೂ ಗೊತ್ತು. ಸೊಪ್ಪು ಕುಡಿದ ಎತ್ತು ಸತ್ತಿತು. ರೈಲನ್ನು ಅವರು ಜನ್ಮದಲ್ಲಿ ಹತ್ತಿರಲಿಲ್ಲ. ದೊರೆಯೊಬ್ಬನನ್ನು ಕಂಡದ್ದು ಒಮ್ಮೆ, ದೂರದಿಂದ, ಅದೂ ಕುದುರೆಯ ಬಾಲದ ಕಡೆಯಿಂದ. ಆದರೂ ಹೊನ್ನಾಳಿಯ ನಮ್ಮ ಬೀದಿಯ ಗಂಡಸರು ಸಂಜೆಯಾದರೆ ಅವರ ಜಗಲಿಗೆ ಬಂದು, ಎಲೆಅಡಿಕೆ ಪುಕ್ಕಟೆ ಸಿಗುವಷ್ಟು ಹೊತ್ತು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಡಬ್ಬಿ ಖಾಲಿಯಾದ ಮೇಲೆ ಯಾರೂ ಕೂರುತ್ತಿರಲಿಲ್ಲ. ಅದೊಂದು ಮಾತ್ರ ಮಾವನವರಿಗೆ ಗೊತ್ತಾಗಲೇ ಇಲ್ಲ.

ಇಂಥ ತಿಳಿವಳಿಕೆಯ ಮನೆಗೆ ನಾನು ಸೊಸೆಯಾಗಿ ಬಂದದ್ದು ಮೂವತ್ತರ ದಶಕ ಮುಗಿಯುತ್ತ ಬಂದಾಗ. ಯುದ್ಧ ಇನ್ನೂ ಶುರುವಾಗಿರಲಿಲ್ಲ. ನನ್ನ ತವರು ಜಗಳೂರು. ಜಗಳೂರೆಂದರೆ ಹೊನ್ನಾಳಿಯವರಿಗೆ ಒಂದು ತಮಾಷೆ. ಕಲ್ಲು, ಮುಳ್ಳು, ಕುರಿ ಬಿಟ್ಟರೆ ಅಲ್ಲಿ ಬೇರೇನೂ ಇಲ್ಲವೆಂದೇ ಅವರು ನಂಬಿದ್ದರು. ಬಂದ ಮಾರನೆಯ ದಿನ ಅತ್ತೆ ನನ್ನನ್ನು ಹೊಳೆಗೆ ಕರೆದುಕೊಂಡು ಹೋಗಿ, ತುಂಗಭದ್ರೆಯನ್ನು ತಾವೇ ಆಳು ಹಚ್ಚಿ ತೋಡಿಸಿದವರ ಹಾಗೆ ಕೈ ನೀಡಿ ತೋರಿಸಿದರು.

“ನೋಡವ್ವಾ, ನೀರು ಅಂದ್ರೆ ಹಿಂಗಿರ್ತೈತೆ. ನಿಮ್ಮ ಕಡೆ ನೀ ಎಲ್ಲಿ ಕಂಡಿದ್ದೀ.”

ಮನೆಯ ಎದುರಿಗೆ ಹೊಳೆ ಹರಿದುಬಿಟ್ಟರೆ ಬುದ್ಧಿಯೂ ಅದರ ಜೊತೆ ಹರಿದು ಬರುತ್ತದೆಂದು ಈ ಜನ ತಿಳಿದಿದ್ದರು. ಮುಂದೆ ಅಷ್ಟು ವರ್ಷ ಬಾಳಿದರೂ ನನಗೆ ಅದು ಬಂದ ಗುರುತು ಸಿಗಲಿಲ್ಲ.

ನನ್ನ ಜೊತೆ ತವರಿನಿಂದ ಬಂದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಬಿದಿರು ಬುಟ್ಟಿಯಲ್ಲಿ ಒಂದು ಆಮೆ. ನಮ್ಮ ಕಡೆಯ ಕುರುಚಲು ಕಾಡಿನಲ್ಲಿ ಸಿಗುವ ನೆಲದಾಮೆ ಅದು. ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆಗಳು ಒಂದೊಂದು ಚುಕ್ಕಿಯಿಂದ ಹೊರಟು, ಯಾರೋ ಕೂತು ರಂಗೋಲಿ ಹಾಕಿದಂತೆ ಕಾಣುತ್ತಿದ್ದವು. ಹೊಳೆಯ ಆಮೆಗೂ ಇದಕ್ಕೂ ಹೆಸರೊಂದೇ ನಂಟು. ಹೊಳೆಯ ಆಮೆಯ ಬೆರಳುಗಳ ನಡುವೆ ಬಾತಿನ ಕಾಲಿಗಿದ್ದ ಹಾಗೆ ತೊಗಲಿರುತ್ತದೆ. ಇದರದು ಆನೆಯ ಕಾಲಿನಂಥ ಮೊಂಡು ಕಾಲು. ನಡೆಯಲು ಬರುತ್ತದೆ, ಈಜಲು ಬಾರದು. ಕುಡಿಯಲು ಒಂದು ಚಿಪ್ಪು ನೀರು ಸಾಕು. ಬೇಕಾದದ್ದು ಒಣ ನೆಲ, ಬೆಚ್ಚನೆಯ ಮೂಲೆ, ದಿನಕ್ಕಿಷ್ಟು ಬಿಸಿಲು.

ನಾನು ಎದ್ದು ನಿಲ್ಲಲು ಕಲಿಯುವ ಮೊದಲೇ ನನ್ನ ತಾಯಿ ತೀರಿಹೋಗಿದ್ದಳು, ಅಪ್ಪ ಅದಕ್ಕೂ ಮುಂಚೆ. ಸಾಕಿದವಳು ಅಜ್ಜಿ. ಕುರಿ ಕಾಯುವವರು ಸುಟ್ಟು ತಿನ್ನಲು ಹಿಡಿದಿದ್ದ ಆಮೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದವಳು ನನ್ನ ತಾಯಿಯಂತೆ. ಅಜ್ಜಿ ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ, ಆ ಸೆರಗಿನ ಬಣ್ಣವೂ ನನಗೆ ಬಾಯಿಪಾಠ. ತಾಯಿಯ ಮುಖ ಮಾತ್ರ ಗೊತ್ತಿಲ್ಲ. ಅವಳ ಕೈಯಿಂದ ಎಲೆ ತಿಂದ ಜೀವವೊಂದು ನನ್ನ ಕೈಯಿಂದಲೂ ತಿನ್ನುತ್ತಿತ್ತು. ಅದನ್ನು ಬದುಕಿಸಿಕೊಳ್ಳಬೇಕು, ಹೊನ್ನಾಳಿಯಲ್ಲಿ ನನಗೆ ಬೇಕಾಗಿದ್ದದ್ದು ಅಷ್ಟೇ. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ.

ಬುಟ್ಟಿಯ ಮುಚ್ಚಳ ತೆಗೆದ ಕೂಡಲೇ ಅತ್ತೆ ಚೀರಿದರು. “ಅಯ್ಯೋ ಶಿವನೇ! ಅಪಶಕುನ! ಮೊದಲು ಹೊರಗೆ ಒಯ್ರಿ ಇದನ್ನ!”

ಮಾವನವರು ಕೈ ಎತ್ತಿದರು. ನಡುಮನೆಯ ಗೋಡೆಯಲ್ಲಿ ಒಂದು ದಶಾವತಾರದ ಪಟ ತೂಗುತ್ತಿತ್ತು. ಅದರಲ್ಲಿ ಕೂರ್ಮಾವತಾರದ ದೇವರು ನೀಲಿ ಸಮುದ್ರದಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತು, ಸಂತೆಗೆ ಬಂದವನ ಹಾಗೆ ಎಲ್ಲರನ್ನೂ ನೋಡುತ್ತಿದ್ದ.

“ಸುಮ್ಕಿರು, ನಿಂಗೇನು ಗೊತ್ತೈತೆ?” ಎಂದು ಅತ್ತೆಯನ್ನು ಗದರಿದರು. “ಕೂರ್ಮಾವತಾರ ಅದು. ದೇವರು ತಾನಾಗೇ ಮನೆಗೆ ಬಂದಾನೆ. ಹೊರಗೆ ಹಾಕಾಕೆ ಆಗ್ತೈತಾ?”

ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬಿದ್ದೆ ಕೂಡ. ಆ ನಮಸ್ಕಾರ ದಂಡವಾಯಿತೆಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮಾವನವರ ಆಮೆಶಾಸ್ತ್ರವೆಲ್ಲ ಆ ಪಟದಲ್ಲಿ ಶುರುವಾಗಿ ಆ ಪಟದಲ್ಲೇ ಮುಗಿಯುತ್ತಿತ್ತು.

ಬೇಸಿಗೆಯಲ್ಲಿ ತೊಂದರೆಯಾಗಲಿಲ್ಲ. ಆಮೆ ಹಿತ್ತಲಿನಲ್ಲಿ ಓಡಾಡಿಕೊಂಡು, ದಾಸವಾಳದ ಉದುರು ಹೂವು, ಕುಂಬಳದ ಸಿಪ್ಪೆ ತಿಂದುಕೊಂಡು ಇತ್ತು. ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದು, ತವರಿಗೆ ಹೋಗಬೇಕು. ನಾನು ಆಮೆಯನ್ನೂ ಬುಟ್ಟಿಗೆ ಹಾಕಿಕೊಂಡೆ. ಮಾವನವರು ಅಡ್ಡ ನಿಂತರು.

“ಮನೆಗೆ ಬಂದ ದೇವರನ್ನ ಹೊರಗೆ ಕಳಿಸಾಕೆ ಆಗಾಕಿಲ್ಲ ತಾಯಿ. ನೀ ಹೋಗಿ ಬಾ.”

“ಹಂಗಾರೆ ಒಣಾ ಜಾಗದಾಗೆ ಇಡ್ರಿ ಮಾವಾರೇ. ನೀರಿಗೆ ಮಾತ್ರ ಬಿಡಬ್ಯಾಡ್ರಿ.”

ಅವರು ಗೋಣು ಹಾಕಿದರು. ಅವರು ಗೋಣು ಹಾಕಿದರೆಂದರೆ ಕೇಳಿಸಿಕೊಂಡಿಲ್ಲ ಎಂದು ಅರ್ಥ. ಆ ಭಾಷೆ ನನಗೆ ಆಗಿನ್ನೂ ಬಂದಿರಲಿಲ್ಲ.

ಜಗಳೂರಿನಲ್ಲಿ ಅಜ್ಜಿಗೆ ಎಲ್ಲ ಹೇಳಿದೆ. ಅವಳು ಹೊಳೆಯನ್ನು ಕಂಡವಳಲ್ಲ, ಆದರೆ ಒದ್ದೆ ನೆಲ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ನಾನು ಹೊರಡುವ ದಿನ ಒಂದು ಗೋಣಿಚೀಲದಲ್ಲಿ ಹೊಲದ ಕೆಂಪು ಮಣ್ಣನ್ನು ಜರಡಿ ಹಿಡಿದು ತುಂಬಿ ಕೊಟ್ಟಳು. “ಇದರ ಮ್ಯಾಲೆ ಮಲಗಿಸು. ಅದಕ್ಕೆ ಊರಾಗೆ ಇದ್ದಂಗೆ ಇರ್ತೈತೆ,” ಎಂದಳು. ಬಸ್ಸಿನವನು ಬೈದುಕೊಂಡೇ ಚೀಲವನ್ನು ಮೇಲೆ ಹಾಕಿದ. ಹೊನ್ನಾಳಿಯಲ್ಲಿ ಅತ್ತೆ ಚೀಲ ಬಿಚ್ಚಿ ನೋಡಿ, ಅಕ್ಕಪಕ್ಕದ ಹೆಂಗಸರನ್ನು ಕರೆದು ತೋರಿಸಿದರು.

“ಸೊಸೆ ತವರಿಂದ ಮಣ್ಣು ತಂದಾಳೆ ಬರ್ರವ್ವಾ. ಆ ಊರಾಗೆ ಕೊಡಾಕೆ ಇನ್ನೇನೈತೆ?”

ನಾನು ಆ ಮಾತಿಗೆ ನಿಲ್ಲದೆ ಹಿತ್ತಲಿಗೆ ಓಡಿದೆ. ದನಗಳಿಗೆ ನೀರಿಡುವ ಕಲ್ಲುಬಾನಿಯನ್ನು ಬಳಿದು, ಸುತ್ತ ರಂಗೋಲಿ ಹಾಕಿ, ತುಂಬ ನೀರು ಹೊಯ್ದಿದ್ದರು. ನಡುವೆ ಒಂದು ಕಲ್ಲುಗುಂಡು. ಅದರ ಮೇಲೆ ನನ್ನ ಆಮೆ, ಕತ್ತನ್ನೂ ಕಾಲನ್ನೂ ಒಳಗೆಳೆದುಕೊಂಡು ಕೂತಿತ್ತು. ಸುತ್ತ ಹೂವು, ಅಕ್ಷತೆ, ಹುಳಿತ ಹಾಲನ್ನ ತೇಲುತ್ತಿದ್ದವು. ಮೇಲಿನಿಂದ ಶ್ರಾವಣದ ಜಿಟಿಜಿಟಿ ಮಳೆ. ಎತ್ತಿಕೊಂಡರೆ ಕಣ್ಣು ಊದಿ ಮುಚ್ಚಿದ್ದವು, ಮೂಗಿನಲ್ಲಿ ಗುಳ್ಳೆ ಬರುತ್ತಿತ್ತು. ಆ ಕಲ್ಲುಗುಂಡು ಇರದಿದ್ದರೆ ಅಷ್ಟು ದಿನವೂ ಉಳಿಯುತ್ತಿರಲಿಲ್ಲ. ಅದನ್ನು ಹಾಕಿದ್ದೂ ಆಮೆಗಾಗಿ ಅಲ್ಲವಂತೆ, ದೇವರಿಗೆ ಪೀಠ ಬೇಕು ಅಂತ.

“ದಿನಾ ಅಭಿಷೇಕ ಮಾಡೀನಿ ನೋಡು,” ಎಂದು ಮಾವನವರು ಹಿಂದೆ ಬಂದು ನಿಂತರು. “ನೀ ಬರೋ ಮಟ ಒಂದು ದಿನಾನೂ ತಪ್ಪಿಸಿಲ್ಲ.”

ನಾನು ಆಮೆಯನ್ನು ಸೆರಗಿನಲ್ಲಿ ಒರೆಸಿ ಒಳಗೆ ಒಯ್ದೆ. ಬಾಯಿ ತೆರೆದಿದ್ದರೆ ಬರುವುದು ಸೊಸೆ ಆಡುವ ಮಾತಾಗಿರುತ್ತಿರಲಿಲ್ಲ.

ಇನ್ನು ಮನೆಯೊಳಗೇ ಅದಕ್ಕೊಂದು ಮನೆ ಮಾಡಬೇಕೆಂದು ನಿಶ್ಚಯಿಸಿದೆ. ಬಡಗಿಯನ್ನು ಕರೆಸಲು ನನ್ನ ಕೈಯಲ್ಲಿ ಕಾಸಿರಲಿಲ್ಲ, ಕೇಳಿದರೆ ಕೊಡುವವರೂ ಇರಲಿಲ್ಲ. ನನ್ನ ಗಂಡ ನ್ಯಾಮತಿಯ ಒಂದು ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಕೆಟ್ಟವರಲ್ಲ. ಅಪ್ಪನ ಎದುರು ನಿಂತರೆ ಮಾತ್ರ ತಮಗೊಂದು ನಾಲಗೆ ಇದೆಯೆಂಬುದು ಅವರಿಗೆ ಮರೆತುಹೋಗುತ್ತಿತ್ತು. ಅಂಗಡಿಗೆ ಸೀಮೆಎಣ್ಣೆ ಡಬ್ಬಗಳು ಹಲಗೆಯ ಪೆಟ್ಟಿಗೆಯಲ್ಲಿ ಬರುತ್ತವೆ, ಡಬ್ಬ ತೆಗೆದ ಮೇಲೆ ಪೆಟ್ಟಿಗೆ ಒಲೆಗೆ ಹೋಗುತ್ತದೆ ಎಂದು ಹಿಂದೊಮ್ಮೆ ಹೇಳಿದ್ದರು. ಅಂಥವು ಎರಡು ತಂದುಕೊಡಿ ಎಂದೆ. ತಂದರು. ಯಾಕೆಂದು ಕೇಳಲಿಲ್ಲ, ಕೇಳಿದರೆ ಯಾರ ಕಡೆಯಾದರೂ ನಿಲ್ಲಬೇಕಾಗುತ್ತದಲ್ಲ.

ಪೆಟ್ಟಿಗೆಗಳು ಸೀಮೆಎಣ್ಣೆ ನಾರುತ್ತಿದ್ದವು. ಸೀಗೆಪುಡಿ ಹಾಕಿ ತಿಕ್ಕಿದೆ, ಒಲೆಯ ಬೂದಿ ಹಾಕಿ ತಿಕ್ಕಿದೆ. ಮಳೆ ಬಿಡುವು ಕೊಟ್ಟಾಗಲೆಲ್ಲ ಹೊರಗಿಟ್ಟು ಒಣಗಿಸಿದೆ. ವಾಸನೆ ಹೋದ ಮೇಲೆ ಎರಡರದೂ ಒಂದೊಂದು ಪಕ್ಕದ ಹಲಗೆ ಕಿತ್ತು, ಎದುರುಬದುರು ಜೋಡಿಸಿ ಹಗ್ಗದಲ್ಲಿ ಬಿಗಿದೆ. ಓಡಾಡಲು ಸಾಕಷ್ಟು ಜಾಗವಾಯಿತು. ಮೊಳೆಗಳ ಮೂತಿಯನ್ನು ಗುಂಡುಕಲ್ಲಿನಿಂದ ಬಡಿದು ಮಡಿಸಿದೆ. ನೆಲದ ತಂಪು ಏರದ ಹಾಗೆ ಕೆಳಗೆ ಇಟ್ಟಿಗೆ ಕೊಟ್ಟೆ. ಒಳಗೆ ಮೊದಲು ಭತ್ತದ ಹೊಟ್ಟು, ಅದರ ಮೇಲೆ ಅಜ್ಜಿ ಕೊಟ್ಟ ಕೆಂಪು ಮಣ್ಣು, ಕಾಲು ಹೂತು ಮಲಗುವಷ್ಟು ಮಂದವಾಗಿ. ಒಡೆದ ಗಡಿಗೆಯ ಅರ್ಧ ಹೋಳನ್ನು ಒಂದು ಮೂಲೆಯಲ್ಲಿ ಬೋರಲು ಹಾಕಿದೆ, ಅಡಗಿ ಕೂರಲು. ನೀರಿಗೆ ತೆಂಗಿನ ಚಿಪ್ಪಿನ ಒಂದು ಹೋಳು, ತಲೆ ಮಾತ್ರ ಬಗ್ಗಿಸುವಷ್ಟು. ಮನೆಯಲ್ಲಿ ಎಸೆಯುವ ಸಾಮಾನಿನಲ್ಲೇ ಎಲ್ಲ ಮುಗಿಯಿತು.

ಇಡುವ ಜಾಗವೇ ದೊಡ್ಡ ಜಗಳ. ನಮ್ಮ ಬಚ್ಚಲ ಹಂಡೆಯ ಒಲೆ ನಡುಮನೆಯ ಗೋಡೆಗೆ ತಾಗಿತ್ತು. ಬೆಳಿಗ್ಗೆ ಒಲೆ ಉರಿದರೆ ಆ ಗೋಡೆ ಮಧ್ಯಾಹ್ನದ ತನಕ ಬೆಚ್ಚಗಿರುತ್ತಿತ್ತು. ಮೇಲೆ ಹೆಂಚಿನ ನಡುವೆ ಬೆಳಕಿಂಡಿ, ಅದರಿಂದ ಒಂದು ಚಾಪೆಯಷ್ಟು ಬಿಸಿಲು ಸರಿಯಾಗಿ ಆ ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಇಡೀ ಮನೆಯಲ್ಲಿ ಒಣಗಿದ ಜಾಗ ಎಂದರೆ ಅದೊಂದೇ. ಅದು ಮಾವನವರ ಜಾಗ. ಸ್ನಾನವಾದ ಮೇಲೆ ಬೆನ್ನು ಗೋಡೆಗೆ ಕೊಟ್ಟು, ಕಾಲು ಬಿಸಿಲಿಗೆ ಚಾಚಿ, ಲೋಕದ ತಪ್ಪುಗಳನ್ನು ತಿದ್ದುತ್ತ ಕೂರುತ್ತಿದ್ದರು. ಅವರು ಒಂದು ಬೆಳಿಗ್ಗೆ ಗದ್ದೆಯ ಕಡೆ ಹೋದಾಗ ಪೆಟ್ಟಿಗೆಯನ್ನು ತಂದು ಅಲ್ಲಿಟ್ಟೆ. ಪಕ್ಕದಲ್ಲಿ ದೀಪ ಹಚ್ಚಿ, ಒಂದು ಹೂವು ಇಟ್ಟೆ.

ಮಾವನವರು ಬಂದು ನೋಡಿ ಮುಖ ಸಿಂಡರಿಸಿದರು. ದೀಪ ಕಂಡು ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ದೇವರೆಂದು ಊರಿಗೆಲ್ಲ ಸಾರಿದವರು ಅವರೇ, ದೇವರಿಗೆ ಜಾಗ ಬಿಡುವುದಿಲ್ಲ ಎನ್ನುವುದು ಹೇಗೆ? ಗೋಡೆಯ ಇನ್ನೊಂದು ಕೊನೆಗೆ, ನೆರಳಿಗೆ, ಸರಿದು ಕೂತರು. ನನ್ನ ಬಾಳಿನಲ್ಲಿ ನಾನು ಕಂಡ ಚೆಂದದ ನೋಟಗಳಲ್ಲಿ ಅದೂ ಒಂದು.

ಹತ್ತಿಯ ಬತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಕಣ್ಣು ಒರೆಸುತ್ತ ಬಂದೆ. ಮೊದಲು ಗುಳ್ಳೆ ನಿಂತಿತು, ಆಮೇಲೆ ಕಣ್ಣು ತೆರೆಯಿತು. ಒಂದು ಬೆಳಿಗ್ಗೆ ನಾನು ಚಾಚಿದ ದಾಸವಾಳವನ್ನು ಕಚಕ್ಕನೆ ಕಚ್ಚಿ ಎಳೆಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆಮೆ ಮಾತ್ರ ನಿಧಾನವಾಗಿ ಅಗಿಯುತ್ತಿತ್ತು.

ಗೆದ್ದ ಮೇಲೆ ಗೆಲುವು ಯಾರದೆಂದು ಹೇಳಬೇಕಾಗಿಲ್ಲ. ಜಗಲಿಯವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಮಾವನವರು ಪೆಟ್ಟಿಗೆ ತೋರಿಸಿದರು. “ನಾನೇ ಹೇಳಿ ಮಾಡ್ಸಿದ್ದು. ಕೆಳಗೆ ಹೊಟ್ಟು, ಮ್ಯಾಲೆ ಮಣ್ಣು. ತಂಪು ಏರಬಾರದು ನೋಡ್ರಿ, ಅದಕ್ಕೆ ಇಟ್ಟಿಗೆ.” ಎಲೆಅಡಿಕೆಯವರು ಆಹಾ ಎಂದರು. ನಾನು ಬಾಗಿಲ ಹಿಂದೆ ನಿಂತು ನಕ್ಕೆ. ಕೊಚ್ಚಿಕೊಳ್ಳಲಿ, ಕೊಚ್ಚಿಕೊಳ್ಳುವಷ್ಟು ದಿನ ಆಮೆ ಒಣ ಜಾಗದಲ್ಲಿ ಇರುತ್ತದೆ ಎಂದುಕೊಂಡೆ.

ದಸರೆಯ ಹೊತ್ತಿಗೆ ಜಗಳೂರಿನಿಂದ ಸುದ್ದಿ ಬಂತು, ಅಜ್ಜಿ ಹೋದಳು. ನಾನು ಹೋಗಿ ಬಂದೆ. ಹಿಂತಿರುಗಿದಾಗ ಪೆಟ್ಟಿಗೆಯ ಮಣ್ಣಿನಲ್ಲಿ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಮ್ಮನನ್ನು ಕಂಡಿದ್ದ ಜೀವ ನನ್ನ ಪಾಲಿಗೆ ಇನ್ನು ಅದೊಂದೇ.

ಕಾರ್ತೀಕ ಬಂತು, ಚಳಿ ಹಿಡಿಯಿತು. ನೆರಳಿನಲ್ಲಿ ಕೂತ ಮಾವನವರ ಕಾಲು ಜೋಮು ಹಿಡಿಯತೊಡಗಿತು. ಬಿಸಿಲಿನ ಚಾಪೆಯನ್ನೂ ಅದರಲ್ಲಿ ಕತ್ತು ಚಾಚಿ ಮಲಗಿದ ಆಮೆಯನ್ನೂ ಅವರು ನೋಡುವ ರೀತಿಯೇ ಬೇರೆಯಾಯಿತು. ಅಷ್ಟರಲ್ಲಿ ಚನ್ನಗಿರಿಯಲ್ಲಿ ನಂಟರ ಮನೆಯ ನಾಮಕರಣಕ್ಕೆ ಹೋಗಿ, ಅಲ್ಲಿಯೂ ತಮ್ಮ ಪೆಟ್ಟಿಗೆಯ ವರ್ಣನೆ ಬಿಚ್ಚಿದರಂತೆ. ಅಲ್ಲಿ ಯಾರೋ ಒಬ್ಬರು, “ಅವತಾರದ ದೇವರನ್ನ ಸೀಮೆಎಣ್ಣೆ ಪೆಟ್ಟಿಗ್ಯಾಗೆ ಕೂರ್ಸೀರಾ?” ಎಂದು ಕೇಳಿ, ಪಂಕ್ತಿಯೆಲ್ಲ ನಕ್ಕಿತಂತೆ. ಕಾರ್ತೀಕದಲ್ಲಿ ಆಮೆಯನ್ನು ಹೊಳೆಗೆ ಬಿಟ್ಟರೆ ಬಹಳ ಪುಣ್ಯ ಎಂದೂ ಆ ಕೇಳಿದವರೇ ಹೇಳಿದರಂತೆ. ಮಾವನವರು ಉರಿಯುವ ಮುಖ ಹೊತ್ತು ಬಂದರು. ಬಂದ ದಿನ ಊಟಕ್ಕೆ ಕೂತು ಈ ಮಾತು ತೆಗೆದಾಗ ನಾನು ಬಡಿಸುವುದನ್ನು ನಿಲ್ಲಿಸಿದೆ.

“ಇದು ಹೊಳೆ ಆಮೆ ಅಲ್ಲ ಮಾವಾರೇ. ಇದಕ್ಕೆ ಈಜಾಕೆ ಬರಾಕಿಲ್ಲ. ಸಾಯ್ತೈತೆ.”

ಅವರು ಅನ್ನ ನೆತ್ತಿಗೇರುವಷ್ಟು ನಕ್ಕರು. “ಕೇಳೇ ಇಲ್ಲಿ, ಆಮೆಗೆ ಈಜಾಕೆ ಬರಾಕಿಲ್ಲಂತೆ! ಜಗಳೂರ ಮಂದಿಗೆ ಬರಾಕಿಲ್ಲ ಅನ್ನು, ಒಪ್ತೀನಿ.” ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಮನೆಯಲ್ಲಿ ಅವರಿಬ್ಬರೂ ಕೂಡಿ ನಕ್ಕದ್ದನ್ನು ನಾನು ಕಂಡದ್ದು ಅವತ್ತೇ. ಆಮೇಲೆ ಮಾತು ಬೇರೆ ಕಡೆ ಹೋಯಿತು, ನಗೆಯಲ್ಲೇ ಮರೆತರು ಎಂದುಕೊಂಡೆ.

ಆ ತಿಂಗಳು ನಾನು ಹೊರಗೆ ಕೂತೆ. ಆಗ ನಮ್ಮ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹಿತ್ತಲ ಮಾಡಿನಲ್ಲಿ ಇರಬೇಕು, ಯಾರನ್ನೂ ಏನನ್ನೂ ಮುಟ್ಟುವ ಹಾಗಿಲ್ಲ, ಹೊಸ್ತಿಲು ದಾಟುವ ಹಾಗಿಲ್ಲ. ಅವಳ ನೆರಳು ಬಿದ್ದರೂ ಮಡಿ ಕೆಡುತ್ತದೆ. ಆಮೆಗೆ ಸೊಪ್ಪು ಹಾಕಿ ಅಂತ ಅತ್ತೆಗೆ ಕೂಗಿ ಹೇಳಿದ್ದೆ. ಹ್ಞೂಂ ಅಂದಿದ್ದರು.

ಎರಡನೆಯ ದಿನದ ಬೆಳಿಗ್ಗೆ ಮಾವನವರು ಕಾರ್ತೀಕ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ಹಿತ್ತಲ ಬಾಗಿಲಿಗೆ ಬಂದು, ಮಡಿ ಕೆಡದ ಹಾಗೆ ದೂರ ನಿಂತರು. ಮುಖದಲ್ಲಿ ಕಳೆ ಉಕ್ಕುತ್ತಿತ್ತು.

“ಏನವ್ವಾ, ನಿನ್ನ ಆಮೆನ ಹೊಳೆಗೆ ಬಿಟ್ಟು ಬಂದೆ. ಅರಿಶಿನ ಕುಂಕುಮ ಹಚ್ಚಿ, ಹೂ ಏರ್ಸಿ, ಮಡುವಿನಾಗೆ ಬಿಟ್ಟೆ. ಈಜಾಕೆ ಬರಾಕಿಲ್ಲ ಅಂತಿದ್ದೆಲ್ಲ? ನೋಡಬೇಕಿತ್ತು ನೀನು! ನಾಕೂ ಕಾಲು ಹೆಂಗೆ ಆಡಿಸ್ತು ಅಂತೀ, ಖುಷಿಗೆ. ಎರಡು ಸಲ ತಲೆ ಮ್ಯಾಲೆತ್ತಿ ನಂಗೆ ನಮಸ್ಕಾರ ಮಾಡ್ತು. ಆಮ್ಯಾಲೆ ಸೀದಾ ಒಳಗೆ ಹೋತು. ತಿರುಗಿ ಮ್ಯಾಲೆ ಬರಲೇ ಇಲ್ಲ.”

ಇಷ್ಟು ಹೇಳಿ ಅವರು ಒಳಗೆ ಹೋದರು. ಪುಣ್ಯವೂ ಬಂದಿತ್ತು, ಇನ್ನು ಬಿಸಿಲೂ ಬರಬೇಕಿತ್ತು. ಅತ್ತೆ ಪೆಟ್ಟಿಗೆಯನ್ನು ಗೋಡೆಯಿಂದ ಆಚೆಗೆ ಎಳೆಯುವ ಸದ್ದು, ಚಾಪೆ ಹಾಸುವ ಸದ್ದು ನನಗೆ ಕೇಳಿಸಿತು.

ನಾನು ಎದ್ದೆ. ಹಿತ್ತಲ ಹೊಸ್ತಿಲು ದಾಟಿದೆ. ಅಡುಗೆಮನೆಯ ನಡುವೆಯೇ ನಡೆದು ನಡುಮನೆಗೆ ಬಂದೆ. ಅತ್ತೆ ನನ್ನನ್ನು ಕಂಡು ಕಿರುಚಿ ಗೋಡೆಗೆ ಅಂಟಿಕೊಂಡರು. ಆಗ ತಾನೇ ಚಾಪೆಯ ಮೇಲೆ ಕಾಲು ಚಾಚುತ್ತಿದ್ದ ಮಾವನವರು, ಆ ವಯಸ್ಸಿನಲ್ಲಿ ಅವರಿಂದ ಆಗುತ್ತದೆಂದು ಯಾರೂ ನಂಬದ ಹಾಗೆ ಎಗರಿ ಬಾಗಿಲ ಹೊರಗೆ ಹೋಗಿ ನಿಂತರು. ನಾನು ಪೆಟ್ಟಿಗೆಯನ್ನು ಎಳೆದು ತಂದು ಅವರ ಚಾಪೆಯ ಮೇಲೆ ಬೋರಲು ಮಾಡಿದೆ. ಜಗಳೂರಿನ ಮಣ್ಣು, ಹೊಟ್ಟು, ತಿನ್ನದೆ ಬಾಡಿದ ದಾಸವಾಳ ಎಲ್ಲ ಸುರಿಯಿತು. ಅದರ ಮೇಲೆ, ಬಿಸಿಲಿನ ನಡುವೆ, ಗೋಡೆಗೆ ಬೆನ್ನು ಕೊಟ್ಟು ಕೂತೆ.

“ಹೊರಗೆ ನಡಿ! ಮನೆ ಎಲ್ಲಾ ಮೈಲಿಗೆ ಆತಲ್ಲೇ!” ಎಂದು ಅತ್ತೆ ಹುಯ್ಲಿಟ್ಟರು.

“ನಮಸ್ಕಾರ ಅಲ್ಲ ಮಾವಾರೇ,” ಎಂದೆ ನಾನು ಬಾಗಿಲ ಕಡೆ ನೋಡಿ. “ಉಸಿರಿಗೆ ತಲೆ ಎತ್ತಿದ್ದು ಅದು.”

ಒದ್ದೆ ಪಂಚೆಯಲ್ಲಿ ಚಳಿ ಹಿಡಿದು, ಎಲ್ಲದಕ್ಕೂ ಉತ್ತರವಿದ್ದವರ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ನನ್ನನ್ನು ಎಳೆದು ಹೊರಗೆ ಹಾಕಬೇಕೆಂದರೆ ಮುಟ್ಟಬೇಕು. ಮುಟ್ಟುವ ಎದೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಿಸಿಲು ಚಾಪೆ ದಾಟಿ ಎದುರು ಗೋಡೆ ಹತ್ತುವ ತನಕ ನಾನು ಅಲ್ಲಿಂದ ಏಳಲಿಲ್ಲ. ಬೆನ್ನ ಹಿಂದೆ ಗೋಡೆ ಬೆಚ್ಚಗಿತ್ತು.